ಹಗೇವಿನ ಬಾಯಲ್ಲಿ ಮಾಡಿದ ಉಸಾಬರಿ

ಆಗೆಲ್ಲ ಸಾಂಗಲಿ ಹತ್ತಿರದ ಹರಿಪುರದಲ್ಲಿ ಅರಿಶಿಣ ನೆಲದೊಳಗೇ ಮಲಗುತ್ತಿತ್ತು. ಎರಡಾಳು ಆಳದ ಗುಂಡಿ, ಒಬ್ಬ ಮನುಷ್ಯ ಇಳಿಯುವಷ್ಟು ಬಾಯಿ. ನಾವು ಹಗೇವು ಅನ್ನುತ್ತಿದ್ದೆವು, ಮರಾಠಿಯವರು ಪೇವ. ಅಥಣಿ ಕಡೆಯಿಂದ ಬಂದ ನಮ್ಮಪ್ಪ ಅಲ್ಲಿ ಹಮಾಲ. ಬೇಸಿಗೆ ಸೂಟಿಯಲ್ಲಿ ಅವನಿಗೆ ರೊಟ್ಟಿ, ಶೇಂಗಾ ಹಿಂಡಿಯ ಬುತ್ತಿ ಒಯ್ಯುವುದು ನನ್ನ ಕೆಲಸ.

ಕಂಡದ್ದರಲ್ಲೆಲ್ಲ ತಲೆ ಹಾಕುವ ಚಟ ನನಗೆ. ಅದಕ್ಕೆ ಮನೆಯಲ್ಲಿ, ಹೊರಗೆ ಬೇರೆ ಬೇರೆ ಹೆಸರಿದ್ದವು. ಮಂದಿಯ ಬಾಗಿಲಲ್ಲಿ ಇಣುಕಿದರೆ ಅವ್ವ, "ಹಣಿಕಿ ಹಾಕಬ್ಯಾಡ." ಸಂಬಂಧವಿಲ್ಲದ್ದು ಕೇಳಿದರೆ ಅಪ್ಪ, "ನಿನಗ್ಯಾಕ ಉಸಾಬರಿ?" ಕೈ ಹಾಕಿದರೆ ಮಾತ್ರ ಹಮಾಲರ ಮೇಲಿನ ಮುಕಾದಮ ಕಾಕಾ ಮರಾಠಿಯಲ್ಲಿ, "ಲುಡಬುಡ ನಕೋ." ಹಣಿಕಿಗೆ, ಉಸಾಬರಿಗೆ ಬೈಗುಳ, ಲುಡಬುಡಕ್ಕೆ ಏಟು.

ಹಗೇವಿನ ಮೇಲಿನ ಕಲ್ಲು ಸರಿಸಿ ಅರ್ಧ ದಿನ ಬಿಟ್ಟು, ಉರಿಯುವ ಕಂದೀಲು ಇಳಿಸಿ ನೋಡುವುದು ರೂಢಿ. ಅದು ಆರಿದರೆ ಒಳಗೆ ಉಸಿರಾಡಲು ಗಾಳಿಯಿಲ್ಲ, ಯಾರೂ ಇಳಿಯುವಂತಿಲ್ಲ. ಅವತ್ತು ಸೊಸೈಟಿಯ ಟ್ರಕ್ಕು ಹೊತ್ತಿಗೆ ಮುಂಚೆಯೇ ಬಂದು ನಿಂತಿತ್ತು. ಮುಕಾದಮ ಕಾಕಾ ಡ್ರೈವರನ ಜೊತೆ ಮಾತಾಡುತ್ತಲೇ ಕಂದೀಲು ಇಳಿಸಿದರು, ಮಾತಾಡುತ್ತಲೇ, ಅದರತ್ತ ನೋಡದೆ, ಎಳೆದು ಪಕ್ಕಕ್ಕಿಟ್ಟರು. ನಾನು ಹಣಿಕಿ ಹಾಕಿದ್ದೆ. ಕೆಳಗೆ ಅದು ಆರಿದ್ದನ್ನು ಕಂಡಿದ್ದೆ.

"ಕಾಕಾ, ದೀಪ..."

"ಏ ಪೋರಿ, ಆ ಕಡೆ ಸರಿ."

ಅಪ್ಪನೂ ಕಣ್ಣು ಕೆಂಪಗೆ ಮಾಡಿದ. "ಉಸಾಬರಿ ಸಾಕ. ಬುತ್ತಿ ಇಟ್ಟು ಮನಿಗಿ ನಡಿ."

ಅಪ್ಪ ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಇಳಿದ. ಎದೆ ಮರೆಯಾಯಿತು, ಆಮೇಲೆ ರುಮಾಲು. ಒಳಗಿಂದ ಅರಿಶಿಣದ ಬಿಸಿ ಘಾಟು ಬರುತ್ತಿತ್ತು. ದೀಪ ಆರಿದರೆ ಏನಾಗುತ್ತದೆಂದು ನನಗೆ ಗೊತ್ತಿತ್ತು. ಏಟಿಗೆ ಹೆದರಿ ಸುಮ್ಮನೆ ನಿಂತೆ. ಹಾಗೆ ನಿಂತ ಆ ಹೊತ್ತು ಇವತ್ತಿಗೂ ಮೈ ಬಿಟ್ಟು ಹೋಗಿಲ್ಲ. ಕೊನೆಗೆ ಓಡಿಹೋಗಿ ಹಮಾಲರ ಕೈಯೊಳಗಿನ ಹಗ್ಗಕ್ಕೆ ಜೋತುಬಿದ್ದೆ.

"ಎಳೀರಿ, ದೀಪ ಆರೇತಿ. ನಾ ನೋಡೇನಿ, ಎಳೀರಿ."

ಎಳೆದರು. ಅಪ್ಪನ ಕುತ್ತಿಗೆ ವಾಲಿತ್ತು, ಮೈಯೆಲ್ಲ ಹಳದಿ, ತುಟಿ ಮಾತ್ರ ನೀಲಿ. ನೀರು ಚಿಮುಕಿಸಿದರು, ಚೀಲದಿಂದ ಗಾಳಿ ಹಾಕಿದರು. ಮುಕಾದಮ ಕಾಕಾ ಆರಿದ ಕಂದೀಲು ಹಿಡಿದು ಅಲ್ಲೇ ಕುಕ್ಕರಿಸಿದರು. ಬಹಳ ಹೊತ್ತಿನ ಮೇಲೆ ಒಂದು ಕೆಮ್ಮು ಬಂತು. ಕಣ್ಣು ಬಿಟ್ಟ ಅಪ್ಪ ನನ್ನನ್ನೇ ನೋಡಿದ.

"ಮನಿಗಿ ನಡಿ ಅಂದ್ರ ಇನ್ನೂ ಇಲ್ಲೇ ಅದಿ?"

ಮುಂದೆ ನಾನೂ ಅರಿಶಿಣದ ವ್ಯಾಪಾರಕ್ಕೇ ಬಂದೆ. ಚೀಲದ ತಳಕ್ಕೆ ಕೈ ಹಾಕಿ ನೋಡದೆ ಸಾಂಗಲಿ ಪೇಟೆಯಲ್ಲಿ ಒಂದು ಮಾಲೂ ಕೊಂಡವಳಲ್ಲ. ನಿಮಗೂ ಒಂದು ಮಾತು: ಮಕ್ಕಳು ನಡುವೆ ಬಾಯಿ ಹಾಕಿದರೆ ಮೊದಲು ಕೇಳಿಸಿಕೊಳ್ಳಿ, ಬೈಯುವುದು ಆಮೇಲೂ ಆಗುತ್ತದೆ.

ಮುಂದೊಂದು ಮಳೆಗಾಲ ಹಗೇವುಗಳಿಗೆ ಹೊಳೆ ನೀರು ಹೊಕ್ಕು ಮಣ್ಣು ತುಂಬಿತು. ಅವ್ವ, ಅಪ್ಪ, ಕಾಕಾ ಯಾರೂ ಈಗಿಲ್ಲ. ಇವತ್ತು ಪೇಟೆಯಲ್ಲಿ ನಾನು ಯಾರ ಮಾತಿನ ನಡುವೆ ಹೊಕ್ಕರೂ ಎಲ್ಲರೂ ಸುಮ್ಮನಾಗಿ ನನ್ನ ಮಾತು ಕೇಳುತ್ತಾರೆ. 'ನಿನಗ್ಯಾಕ ಉಸಾಬರಿ' ಅನ್ನುವ ಹಕ್ಕಿದ್ದವರು ಒಬ್ಬರೂ ಉಳಿದಿಲ್ಲ.