ಸುಬೇದಾರ್ ಶಿವಯ್ಯ ಓಗೊಡದ ಕೂ

ಜಾವಳಿಯ ಶಿವಯ್ಯ ಹದಿನೆಂಟಕ್ಕೆ ಸೈನ್ಯದ ಸಿಗ್ನಲ್ಸ್ ವಿಭಾಗ ಸೇರಿ, ಸುಬೇದಾರನಾಗಿ ನಿವೃತ್ತನಾದವನು. ಜಬಲ್ಪುರದಲ್ಲಿ ತರಬೇತಿ, ಆಮೇಲೆ ರಾಜಸ್ಥಾನದ ಮರಳು, ಲಡಾಖಿನ ಹಿಮ. ಎಲ್ಲಿಗೆ ಹಾಕಿದರೂ ಕೆಲಸ ಒಂದೇ: ತಂತಿ ಎಳೆಯುವುದು, ಹರಿದರೆ ಹುಡುಕಿ ಜೋಡಿಸುವುದು, ಈ ಠಾಣೆಯ ಮಾತು ಆ ಠಾಣೆಗೆ ಮುಟ್ಟುವಂತೆ ನೋಡಿಕೊಳ್ಳುವುದು. ಜನರೇಟರು, ಹೆಡ್‌ಫೋನು, ಫಿರಂಗಿಗಳ ನಡುವೆ ಕಿವಿ ಸವೆಯಿತು. ಎದುರು ಕೂತವರ ಮಾತು ಕೇಳುತ್ತಿತ್ತು. ದೂರದ ದನಿ ಕಿವಿಗೆ ಬೀಳುತ್ತಿರಲಿಲ್ಲ. ಊರಿಗೆ ಬಂದವನು ಇದನ್ನು ಯಾರ ಹತ್ತಿರವೂ ಬಾಯಿ ಬಿಡಲಿಲ್ಲ. ಸಿಗ್ನಲ್ಸಿನವನಿಗೇ ಕಿವುಡು ಅಂದರೆ ಜನ ನಗದೆ ಬಿಡುತ್ತಾರೆಯೇ!

ಹಳ್ಳದ ಈಚೆ ಅವನ ಮನೆ, ಆಚೆ ಗುಡ್ಡದ ತೋಟದಲ್ಲಿ ಅಣ್ಣ ಮಂಜಯ್ಯನದು. ಮೊಬೈಲಿಗೆ ನೆಟ್‌ವರ್ಕ್ ಸಿಗದ ಜಾಗ. ಅಲ್ಲಿ ಕರೆಯುವುದೆಂದರೆ ಅಂಗಳದಲ್ಲಿ ನಿಂತು ಕೂ ಹಾಕುವುದು. ದೊಡ್ಡವರು ಮೊದಲು ಹಾಕಬೇಕು, ಚಿಕ್ಕವರು ಓಗೊಡಬೇಕು. ಓಗೊಡದಿದ್ದರೆ ನಿಮ್ಮ ಸಹವಾಸ ಬೇಡ ಅಂತಲೇ ಅರ್ಥ.

ಮಂಜಯ್ಯ ದಿನಾ ಬೆಳಿಗ್ಗೆ ಕಾಫಿಗೆ ಕೂ ಹಾಕಿದ. ಉತ್ತರವಿಲ್ಲ. ಕೊನೆಗೆ ರೇಗಿ ನಿಲ್ಲಿಸಿದ. "ಸುಬೇದಾರ್ ಸಾಹೇಬ್ರು ಮಾರಾಯ! ತೋಟದೋರು ಕರೆದ್ರೆ ಬರ್ತಾರಾ?" ಎಂದು ಕಂಡಕಂಡವರಿಗೆ ಹೇಳಿದ. ಇತ್ತ ಶಿವಯ್ಯ ದಿನಾ ಜಗಲಿಯಲ್ಲಿ ಆಚೆ ಗುಡ್ಡಕ್ಕೆ ಮುಖ ಮಾಡಿ ಕೂತು, ಅಣ್ಣ ಅಂಗಳಕ್ಕೆ ಬಂದು ನಿಲ್ಲುವುದನ್ನು ಕಂಡೂ, ಬಾಯಿ ತೆರೆದದ್ದು ಅಷ್ಟು ದೂರಕ್ಕೆ ಕಾಣದೆ, ಒಂದು ಸಲವೂ ಕರೆಯಲಿಲ್ಲವಲ್ಲ ಎಂದು ಒಳಗೊಳಗೇ ನೊಂದ. ತಾನೇ ಎದ್ದು ಹೋಗಲು ಬಿಗುಮಾನ.

ಹೆಂಡತಿ ಸರೋಜಮ್ಮ ಮಗಳ ಕಾಲೇಜಿಗಾಗಿ ಮೂಡಿಗೆರೆಯಲ್ಲೇ ಇದ್ದಳು. ಹೊಸ ಅಕ್ಕಿ ಊಟ ಅಣ್ಣನ ಮನೆಯಲ್ಲಿ; ಎಷ್ಟು ಸಿಟ್ಟಿದ್ದರೂ ಆ ದಿನ ತಮ್ಮನನ್ನು ಕರೆಯದೆ ಇರುವಂತಿಲ್ಲ. ಅದಕ್ಕೆಂದು ಬಂದವಳು ಬೆಳಿಗ್ಗೆ ಜಗಲಿಯಲ್ಲಿ ಗಂಡನ ಪಕ್ಕ ನಿಂತಿದ್ದಳು.

"ರೀ, ಭಾವ ಕರೀತಿದಾರೆ. ಓಗೊಡಿ."

"ಎಲ್ಲಿ?"

"ಆಗಿನಿಂದ ಕೂ ಹಾಕ್ತಾನೇ ಇದಾರೆ. ನಿಮಗೆ ಕೇಳ್ಸಲಿಲ್ವಾ?"

ಶಿವಯ್ಯನ ಮುಖ ಕಪ್ಪಿಟ್ಟಿತು. ಆಚೆ ಅಂಗಳದಲ್ಲಿ ಅಣ್ಣ ಬೆನ್ನು ತಿರುಗಿಸಿ ಒಳಗೆ ಹೋಗುತ್ತಿದ್ದ. ಶಿವಯ್ಯ ಚಪ್ಪಲಿಯನ್ನೂ ಮೆಟ್ಟದೆ ಹಳ್ಳ ಇಳಿದ. ಜ್ವರ ಬಂದಿತ್ತು ಅನ್ನಲೇ, ಊರಲ್ಲಿರಲಿಲ್ಲ ಅನ್ನಲೇ ಎಂದು ದಾರಿಯುದ್ದಕ್ಕೂ ಸುಳ್ಳು ಹುಡುಕಿದ. ಅಣ್ಣನ ಎದುರು ನಿಂತಾಗ ಒಂದೂ ಬಾಯಿಗೆ ಬರಲಿಲ್ಲ.

"ಅಣ್ಣ, ನಂಗೆ ದೂರದ್ದು ಕೇಳ್ಸಲ್ಲ. ನೀನು ಕರೀಲೇ ಇಲ್ಲ ಅಂದ್ಕೊಂಡಿದ್ದೆ."

"ಇಷ್ಟು ದಿನ ಹೇಳೋಕೇನಾಗಿತ್ತು ನಿಂಗೆ?" ಎಂದು ಮಂಜಯ್ಯ ಗದರಿದ. ತಮ್ಮನ ರಟ್ಟೆ ಹಿಡಿದು ಊಟಕ್ಕೆ ಕೂರಿಸಿದ.

ಮರುದಿನ ಬೆಳಿಗ್ಗೆ ಮಂಜಯ್ಯ ತನ್ನ ಬಿಳಿ ಪಂಚೆಯನ್ನು ಬಿದಿರುಗಳಕ್ಕೆ ಕಟ್ಟಿ ಅಂಗಳದಲ್ಲಿ ಬೀಸಿದ. ಶಿವಯ್ಯ ಜಗಲಿಯಿಂದ ನೆಗೆದು ಕೂ ಹಾಕಿದ. ತನ್ನ ದನಿಯ ಅಳತೆ ತನಗೇ ಸಿಗದೆ ಮತ್ತೆ ಹಾಕಿದ, ಮತ್ತೂ ಹಾಕಿದ. ಅಣ್ಣ ಗಳ ಬಿಸಾಕಿ ಎರಡೂ ಕಿವಿ ಮುಚ್ಚಿಕೊಂಡು ನಿಂತದ್ದು ಕಣ್ಣಿಗೆ ಬಿದ್ದರೂ ನಿಲ್ಲಿಸಲಿಲ್ಲ.