ಕರಡಿ ಬಂದಾಗ ನಾನು ಚಿಲಕದ ಬಳಿ

ಕದ್ರಿಯ ಫೋಟೋ ಪ್ರದರ್ಶನದಲ್ಲಿ ಎಲ್ಲರೂ ಮುತ್ತಿಕೊಂಡದ್ದು ನನ್ನ ಗೆಳೆಯನ ಚಿತ್ರವನ್ನೇ: ಬೆನ್ನ ಮೇಲೆ ಎರಡು ಮರಿಗಳನ್ನು ಹೊತ್ತ ತಾಯಿ ಕರಡಿ. ನನಗೆ ಹೊಟ್ಟೆ ಉರಿಯಿತು. ಹಂಪಿ ಕಡೆಯ ಕರಡಿಧಾಮದ ಆ ವೀಕ್ಷಣಾ ಗೋಪುರದಲ್ಲಿ ಅವನ ಜೊತೆ ನಾನೂ ಇದ್ದೆ. ನನ್ನ ಲೆನ್ಸ್ ಅವನದಕ್ಕಿಂತ ದೊಡ್ಡದು. ಆದರೆ ಕೆಳಗಿನ ಬಾಗಿಲಿಗೆ ಚಿಲಕ ಹಾಕಿದ್ದೆನೋ ಇಲ್ಲವೋ ಎಂಬ ಅನುಮಾನ ನನ್ನನ್ನು ಬಿಡಲಿಲ್ಲ. ಮತ್ತೊಮ್ಮೆ ಇಳಿದು ನೋಡಿ ಬರುವಷ್ಟರಲ್ಲಿ ಕರಡಿ ಸಂಸಾರ ಕರಡಿಗಳಿಗೆಂದು ಸಿಬ್ಬಂದಿ ಬಂಡೆಗೆ ಸವರಿದ್ದ ಬೆಲ್ಲ ನೆಕ್ಕಿ ಹೋಗಿಯಾಗಿತ್ತು. ನನಗೆ ಸಿಕ್ಕಿದ್ದು ಒದ್ದೆ ಬಂಡೆಯ ಚಿತ್ರ.

“ನಿಮಗೆ ಹೆದರಿಕೆ ಆಗ್ಲಿಲ್ವಾ?” ಎಂದು ಯಾರೋ ಅವನನ್ನು ಕೇಳಿದರು.

“ಎಂತ ಹೆದರಿಕೆ ಮಾರಾಯ್ರೆ? ಚಿಲಕ ನೋಡ್ಲಿಕ್ಕೆ ಇವ ಇದ್ದನಲ್ಲ!”

ಎಲ್ಲರೊಂದಿಗೆ ನಾನೂ ನಕ್ಕೆ. ಆದರೂ ಚಿತ್ರದ ಕೆಳಗೆ ಅವನ ಹೆಸರಿನ ಪಕ್ಕದಲ್ಲಿ ನನ್ನದೂ ಇರಬೇಕಿತ್ತು ಎಂದು ಈಗಲೂ ಅನಿಸುತ್ತದೆ.