ಕಾಟಮ್ಮ ಓದಿದ ಬೋರ್ಡು

ಡ್ರಾಯಿಂಗ್ ಮೇಷ್ಟ್ರು ಪಂಚಾಕ್ಷರಪ್ಪನವರ ರೇನ್‌ಕೋಟು ಹಿಂಭಾಗದಲ್ಲಿ ಪರ್ರನೆ ಹರಿದದ್ದು ಬೇಸಿಗೆಯ ಒಂದು ಭಾನುವಾರ ಸಂಜೆ, ಬಡಾವಣೆಯ ಹೆಂಗಸರೆಲ್ಲ ದೇವಸ್ಥಾನದಿಂದ ಮರಳುವ ಹೊತ್ತಿಗೆ ಸರಿಯಾಗಿ. ಚಿತ್ರದುರ್ಗದ ಆಕಾಶದಲ್ಲಿ ಅಂಗೈಯಗಲ ಮೋಡವೂ ಇರಲಿಲ್ಲ. ಮೇಷ್ಟ್ರು ಮಾತ್ರ ರೇನ್‌ಕೋಟು, ಗಂಬೂಟು, ರಬ್ಬರ್ ಗವಸು ತೊಟ್ಟು, ಮೂಗಿಗೆ ಟವೆಲ್ ಬಿಗಿದು, ಬೆನ್ನಿಗೆ ಪಂಪು ಹೊತ್ತು ತಮ್ಮ ಲಾನಿನಲ್ಲಿ ಬಗ್ಗಿದ್ದರು.

“ಎಲ್ಲಿ ಮೇಷ್ಟ್ರೇ ಮಳೆ?” ಎಂದು ಒಬ್ಬಾಕೆ ಕೇಳಿದರು.

“ಒಳಗೆ ಗಾಳಿ ಆಡ್ಲಿ ಬಿಡ್ರಿ, ಪಾಪ,” ಎಂದು ಇನ್ನೊಬ್ಬಾಕೆ.

ಮೇಷ್ಟ್ರು ಕಾಂಪೌಂಡಿಗೆ ಬೆನ್ನು ಕೊಟ್ಟು ಏಡಿಯ ಹಾಗೆ ಅಡ್ಡಡ್ಡ ನಡೆಯುತ್ತ ಕೆಲಸ ಮುಗಿಸಿದರು.

ಈ ವೇಷಕ್ಕೆಲ್ಲ ಕಾರಣ ಬಡಾವಣೆಯ ಸಂಘದವರು ನಡೆಸುತ್ತಿದ್ದ ಮನೆತೋಟದ ಸ್ಪರ್ಧೆ. ಹಿಂದಿನ ವರ್ಷ ತೀರ್ಪುಗಾರರು ಲಾನಿನ ಮೇಲೆ ಒಂದು ಸುತ್ತು ಓಡಾಡಿ, “ಹುಲ್ಲು ಚೆನ್ನಾಗಿದೆ, ಸೊಪ್ಪಿನ ಮಡಿ ಹಿತ್ತಲಿಗೆ ಹಾಕಿದ್ದರೆ ಇನ್ನೂ ಚೆನ್ನಾಗಿರೋದು” ಎಂದು ಹೇಳಿ ಹೋಗಿದ್ದರು. ಅವರ ಮಾತು ಸುಳ್ಳೂ ಅಲ್ಲ. ಸುತ್ತಲೆಲ್ಲ ನೆಲ ಒಣಗಿ ಬಿರಿದಿರುವಾಗ ದಿನಾ ನೀರು ಕಾಣುವ ಜಾಗ ಅದೊಂದೇ ಆದ್ದರಿಂದ, ಗೋಣಿ ಸೊಪ್ಪು, ಅಣ್ಣೆ ಸೊಪ್ಪು, ಕಿರುಕಸಾಲೆ ಎಲ್ಲವೂ ಅಲ್ಲೇ ಬಂದು ಸಂಸಾರ ಹೂಡಿದ್ದವು. ಗೊಬ್ಬರದಂಗಡಿ ಮೂರ್ತಪ್ಪ ಒಂದು ಬಾಟಲಿ ಕೊಟ್ಟಿದ್ದ.

“ಇದು ಹುಲ್ಲಿನ ತಂಟೆಗೆ ಹೋಗಲ್ಲ ಸಾರ್, ಅಗಲ ಎಲೆ ಕಳೆ ಮಾತ್ರ ಸಾಯಿಸ್ತದೆ. ಚೀಟಿಯಾಗೆ ಬರ್ದಿರೋ ಅಳತೆ ಮೀರಬ್ಯಾಡ್ರಿ. ಗಾಳಿ ಇಲ್ಲದಾಗ ಹೊಡೀರಿ, ಇಲ್ಲಾಂದ್ರೆ ಅಕ್ಕೋರ ಗುಲಾಬಿಗೆ ತಗುಲ್ತದೆ. ಮಕ್ಕಳು ಮರಿ, ದನ ಕರ ಯಾರನ್ನೂ ಬಿಡಬ್ಯಾಡ್ರಿ. ಒಂದು ಬೋರ್ಡ್ ಹಾಕಿಬಿಡ್ರಿ.”

ಬೋರ್ಡು ಎಂದರೆ ಮೇಷ್ಟ್ರಿಗೆ ಕೈ ತುರಿಸುತ್ತಿತ್ತು. ಅವರ ಗೇಟಿನ ಮೇಲೆ ಆಗಲೇ ಒಂದಿತ್ತು: ‘ನಾಯಿ ಇದೆ ಎಚ್ಚರಿಕೆ’. ಎಂಟು ವರ್ಷದ ಹಿಂದೆ ಬಡಾವಣೆಯಲ್ಲಿ ಕಳ್ಳತನವಾದಾಗ ಬರೆದದ್ದು. ಜೊತೆಗೆ ಹಲ್ಲು ಕಿರಿದ ನಾಯಿಯ ಚಿತ್ರ. ಅಂಚೆಯವನು ಅದನ್ನು ಬಹಳ ಹೊತ್ತು ನೋಡಿ, “ಕುರಿ ಸಾಕ್ತೀರಾ ಸಾರ್?” ಎಂದು ಕೇಳಿದ್ದ. ನಾಯಿ ತರುವುದಕ್ಕೆ ಹೆಂಡತಿ ಯಶೋಧಾ ಒಪ್ಪಲಿಲ್ಲ, ಬೋರ್ಡು ತೆಗೆಯುವುದಕ್ಕೆ ಮೇಷ್ಟ್ರು ಒಪ್ಪಲಿಲ್ಲ. ಈಗ ಲಾನಿನ ಮಧ್ಯೆ ಎರಡನೆಯದು ನಿಂತಿತು: ‘ಕಳೆನಾಶಕ ವಿಷ ಹೊಡೆದಿದೆ. ಯಾರೂ ಕಾಲಿಡಬಾರದು, ಏನನ್ನೂ ಕೀಳಬಾರದು’. ಕೆಳಗೆ ತಲೆಬುರುಡೆ. ಬುರುಡೆ ಯಾಕೋ ಸ್ವಲ್ಪ ನಗುತ್ತಿರುವ ಹಾಗೆ ಬಂದಿತ್ತು.

ಸೋಮವಾರ ಬೆಳಿಗ್ಗೆ ಮೇಷ್ಟ್ರು ಸ್ನಾನ ಮಾಡಿ, ವಿಭೂತಿ ಹಚ್ಚಿಕೊಂಡು ಹೊರಗೆ ಬಂದರು. ಬೋರ್ಡು ನೆಟ್ಟಗೇ ಇತ್ತು. ಅದರ ಸುತ್ತ ಇದ್ದ ಸೊಪ್ಪು ಮಾತ್ರ ಇರಲಿಲ್ಲ. ಚಿವುಟಿದ ದಂಟುಗಳು ಸಾಲಾಗಿ ನಿಂತಿದ್ದವು.

“ಯಶೋಧಾ! ಯಾರು ಬಂದಿದ್ರು?”

“ಯಾರು ಬರ್ತಾರೆ, ಮದಕರಿಪುರದ ಕಾಟಮ್ಮ. ಸೋಮವಾರ ಅಲ್ವಾ?” ಎಂದು ಅಡುಗೆಮನೆಯಿಂದ ಉತ್ತರ ಬಂತು. “ನೀವು ಪೂಜೆಗೆ ಕೂತಾಗ ಬಂದು ಹೋದಳೇನೋ, ನಾನು ನೋಡಲಿಲ್ಲ. ಯಾಕ್ರೀ?”

ಸೋಮವಾರ ಕಾಟಮ್ಮ ಬರುವುದು ಅವರಿಗೆ ಗೊತ್ತಿಲ್ಲದ್ದೇನಲ್ಲ. ಬಿಟ್ಟಿ ಕಳೆ ಕೀಳುತ್ತಾಳೆ ಎಂದು ವರ್ಷಗಟ್ಟಲೆ ಒಳಗೊಳಗೇ ಖುಷಿಪಟ್ಟವರು ಅವರೇ. ಆಕೆ ಕಿತ್ತ ಕಳೆ ಎಲ್ಲಿಗೆ ಹೋಗುತ್ತದೆ ಎಂದು ಯೋಚಿಸುವ ಪ್ರಸಂಗ ಇದುವರೆಗೆ ಬಂದಿರಲಿಲ್ಲ. ಅದು ಹೋಗುತ್ತಿದ್ದದ್ದು ಬೆರಕೆ ಸೊಪ್ಪಿನ ಸಾರಿಗೆ. ಔಷಧಿ ಬಿದ್ದ ಎಲೆ ಮುರುಟುವುದಕ್ಕೆ ವಾರ ಬೇಕು ಎಂದಿದ್ದ ಮೂರ್ತಪ್ಪ. ಅಲ್ಲಿಯವರೆಗೆ ಅದು ಏನೂ ಆಗದ ಹಾಗೆ ತಳತಳ ಅನ್ನುತ್ತಿರುತ್ತದೆ.

ಮೊದಲು ಕಣ್ಣಿಗೆ ಕಟ್ಟಿದ್ದು ಪೇಪರಿನಲ್ಲಿ ತಮ್ಮ ಫೋಟೋ. ಆಮೇಲೆ, ಇಂಥ ಹೊತ್ತಿನಲ್ಲೂ ತನಗೆ ತನ್ನದೇ ಫೋಟೋ ಕಾಣುತ್ತದಲ್ಲ ಎಂದು ನಾಚಿಕೆಯಾಯಿತು. ಲೂನಾ ಹತ್ತಿ ತುಳಿದರು.

ಸಂತೆ ಬಾಗಿಲಲ್ಲಿ ಹೂ ಮಾರುವ ಶಾಂತಕ್ಕನ ಪಕ್ಕ ಕಾಟಮ್ಮ ಸೊಪ್ಪು ಮಾರಲು ಕೂರುವ ಜಾಗ ಖಾಲಿ ಇತ್ತು.

“ಅವಳು ಆಗ್ಲೇ ಊರಿಗೆ ಹೋದ್ಲು ಮೇಷ್ಟ್ರೇ. ಇವತ್ತು ಒಂದ್ ಹಿಡಿನೂ ಮಾರಲ್ಲ ಅಂದ್ಲು. ಮಗಳು ಕೀರ್ತನಾ ಬಂದವ್ಳೆ, ಏಳು ತಿಂಗಳ ಬಸುರಿ. ಬಯಕೆಯಂತೆ, ಬೆರಕೆ ಸೊಪ್ಪಿನ ಸಾರೇ ಬೇಕಂತೆ. ಯಾಕ್ರಿ, ಬೆವರ್ತಿದೀರಲ್ಲ?”

ಲೂನಾ ಮದಕರಿಪುರದ ಕಡೆ ತಿರುಗಿತು.

ದಾರಿಯುದ್ದಕ್ಕೂ ಅವರು ತಮ್ಮನ್ನೇ ಸಮಾಧಾನ ಮಾಡಿಕೊಳ್ಳುತ್ತಿದ್ದರು. ಬೋರ್ಡು ಹಾಕಿದ್ದೇನಲ್ಲ? ಆಕೆಗೆ ಓದಲು ಬರುವುದಿಲ್ಲವೇ? ಬರುತ್ತದೆ, ಚೆನ್ನಾಗಿಯೇ ಬರುತ್ತದೆ. ಊರೂರಿಗೆ ಸಾಕ್ಷರತೆಯ ರಾತ್ರಿ ಶಾಲೆ ಬಂದ ಕಾಲದಲ್ಲಿ ಕಾಟಮ್ಮ ಕಲಿತಿದ್ದಳು. ಗಂಡ ಯತ್ತಪ್ಪ ಕುರಿ ಮಂದೆ ಹೊಡೆದುಕೊಂಡು ಭೀಮಸಮುದ್ರದ ತೋಟಗಳ ಕಡೆ ಹೋದರೆ ತಿಂಗಳುಗಟ್ಟಲೆ ಬರುತ್ತಿರಲಿಲ್ಲ. ಹಟ್ಟಿಯಲ್ಲಿ ಮಾತಿಗೆ ಜನ ಕಡಿಮೆ, ಹಾಗಾಗಿ ಅಕ್ಷರಗಳ ಜೊತೆ ಮಾತಾಡಿದೆ ಎನ್ನುತ್ತಿದ್ದಳು. ಪುಟ್ಟಿ ತಲೆ ಮೇಲಿಟ್ಟು ಪೇಟೆಗೆ ಬಂದರೆ ಔಷಧಿ ಅಂಗಡಿ, ಕ್ಷೌರದಂಗಡಿ, ಸಿನಿಮಾ, ಒಂದು ಬೋರ್ಡನ್ನೂ ಬಿಡದೆ ಓದುತ್ತ ಹೋಗುವುದು. ಮೊದಲ ಸಲ ಬಸ್ಸಿನ ಬೋರ್ಡು ತಾನೇ ಓದಿದ ದಿನ, ಧರ್ಮಪುರದಲ್ಲಿ ಏನೂ ಕೆಲಸವಿಲ್ಲದಿದ್ದರೂ ಆ ಬಸ್ಸು ಹತ್ತಿ ಹೋಗಿ, ಅದರಲ್ಲೇ ವಾಪಸ್ ಬಂದಿದ್ದಳು. ಯಾಕಮ್ಮ ಹೋಗಿದ್ದೆ ಎಂದು ಕಂಡಕ್ಟರ್ ಕೇಳಿದರೆ, “ಬೋರ್ಡಿನಾಗೆ ಬರ್ದಂಗೆ ಹೋಗ್ತೈತಾ ಅಂತ ನೋಡಿದೆ” ಎಂದಳಂತೆ. ಈ ಕಥೆ ಹೇಳಿ ಹೇಳಿ ಸ್ಟಾಫ್ ರೂಮಿನಲ್ಲಿ ನಗಿಸಿದವರು ಮೇಷ್ಟ್ರೇ. ಇವತ್ತು ಅದು ನೆನಪಾಗಿ ಲೂನಾದ ವೇಗ ಹೆಚ್ಚಿಸಿದರು.

ಅಷ್ಟೆಲ್ಲ ಓದುವವಳು ಇದನ್ನು ಯಾಕೆ ಓದಲಿಲ್ಲ? ಆ ಬುರುಡೆ ನಕ್ಕದ್ದಕ್ಕೋ?

ಊರ ಹತ್ತಿರ ರಸ್ತೆ ತುಂಬ ಕುರಿ. ಹಾರ್ನ್ ಹೊಡೆದರೆ ಎಲ್ಲವೂ ನಿಂತು ಅವರನ್ನೇ ನೋಡಿದವು. ಲೂನಾ ಅಲ್ಲೇ ಬೇಲಿಗೆ ಒರಗಿಸಿ, ಪಂಚೆ ಎತ್ತಿ ಕಟ್ಟಿ ಓಡಿದರು.

ಮನೆ ಮುಂದಿನ ಜಗುಲಿಯ ಮೇಲೆ ತುಂಬು ಹೊಟ್ಟೆಯ ಕೀರ್ತನಾ ಕೂತಿದ್ದಳು. ಮುಂದೆ ತಟ್ಟೆ. ತಟ್ಟೆಯಲ್ಲಿ ಮುದ್ದೆ, ಸಾರು. ಮುರಿದ ತುತ್ತು ಆಗಲೇ ಬಾಯಿಯ ಹತ್ತಿರ ಹೋಗಿತ್ತು.

“ತಿನ್ನಬೇಡ! ತಿನ್ನಬೇಡಮ್ಮ!”

ಅಂದವರೇ ಮೇಷ್ಟ್ರು ತಟ್ಟೆ ಕಿತ್ತುಕೊಂಡರು. ಬಸುರಿ ಹೆಣ್ಣಿನ ಮುಂದಿನ ತಟ್ಟೆ. ಕೀರ್ತನಾ ಕಿಟಾರನೆ ಕಿರುಚಿದಳು. ಪಕ್ಕದ ಮನೆಯ ಬೋರಕ್ಕ ಪೊರಕೆ ಸಮೇತ ಹೊರಗೆ ಬಂದಳು.

“ಲೇ, ಯಾವನಲೇ ನೀನು? ಹೊಟ್ಟೆಗಿಲ್ದಿದ್ರೆ ಕೇಳಿ ಉಣ್ಣಬೇಕಪ್ಪ!”

“ಎಷ್ಟು ತಿಂದೆ? ಎಷ್ಟು ತುತ್ತು ತಿಂದೆಯಮ್ಮ?” ಮೇಷ್ಟ್ರ ಕೈಯಲ್ಲಿ ತಟ್ಟೆ ವಾಲಿ ಸಾರು ಪಂಚೆಗೆ ಚೆಲ್ಲುತ್ತಿತ್ತು. “ಆ ಸೊಪ್ಪಿಗೆ ವಿಷ ಹೊಡೆದಿದ್ದೆ!”

ಒಳಗಿನಿಂದ ಕಾಟಮ್ಮ ಬಂದಳು. ಮೇಷ್ಟ್ರನ್ನು ನೋಡಿದಳು, ತಟ್ಟೆ ನೋಡಿದಳು.

“ಅದು ಹುರುಳಿ ಸಾರು ಮೇಷ್ಟ್ರೇ, ನಿನ್ನೆ ರಾತ್ರೀದು. ಸೊಪ್ಪು ಇನ್ನೂ ಮೊರದಾಗೈತೆ, ಸೋಸಿಲ್ಲ.”

ಮೇಷ್ಟ್ರು ತಟ್ಟೆ ಹಿಡಿದುಕೊಂಡೇ ಜಗುಲಿಯ ಮೇಲೆ ಕೂತರು. ಸ್ವಲ್ಪ ಹೊತ್ತು ಅವರಿಗೆ ತಟ್ಟೆ ವಾಪಸ್ ಕೊಡಬೇಕೆಂಬುದೂ ಹೊಳೆಯಲಿಲ್ಲ. ಕೀರ್ತನಾಳೇ ಮೆಲ್ಲಗೆ ಅದನ್ನು ಅವರ ಕೈಯಿಂದ ಬಿಡಿಸಿಕೊಂಡಳು.

ಆಮೇಲೆ ಮೇಷ್ಟ್ರು ಗವಸಿಲ್ಲದ್ದಕ್ಕೆ ಪ್ಲಾಸ್ಟಿಕ್ ಚೀಲವನ್ನೇ ಕೈಗೆ ಸುತ್ತಿಕೊಂಡು, ಸೊಪ್ಪನ್ನು ಒಂದೆಲೆ ಬಿಡದೆ ತುಂಬಿ, ಕುರಿ ಬಾಯಿ ಹಾಕದಂತೆ ಗುಂಡಿ ತೋಡಿ ಹೂತರು. ಮೊರವೂ ಪುಟ್ಟಿಯೂ ತಮ್ಮ ಜವಾಬ್ದಾರಿ, ಹೊಸದು ತಂದುಕೊಡುತ್ತೇನೆ ಎಂದರು. ಕಾಟಮ್ಮನ ಕೈಯನ್ನು ಸೋಪು ಹಚ್ಚಿಸಿ ಮತ್ತೆ ಮತ್ತೆ ತೊಳೆಸಿದರು. ಉಟ್ಟ ಸೀರೆಯನ್ನೂ ಬೇರೆಯಾಗಿ ಒಗೆಯಬೇಕೆಂದು ಹೇಳಿ, ತಲೆ ಸುತ್ತುತ್ತದಾ, ವಾಂತಿ ಬರುತ್ತದಾ, ಬಂದರೆ ಆಸ್ಪತ್ರೆಗೆ ಹೋಗೋಣ ಎಂದು ಗಳಿಗೆಗೊಮ್ಮೆ ಕೇಳಿದರು.

“ನಂಗೇನಾಗಿಲ್ಲ. ನೀವು ಕುಂತ್ಕಳ್ರಿ, ನಿಮ್ಮ ಮಾರೆ ಸುಣ್ಣ ಆಗೈತೆ,” ಎಂದು ಆಕೆ ನೀರು ತಂದುಕೊಟ್ಟಳು.

ನೀರು ಕುಡಿದ ಮೇಲೆ ಮೇಷ್ಟ್ರಿಗೆ ಭಯ ಇಳಿದು, ಆ ಜಾಗಕ್ಕೆ ಕೋಪ ಬಂತು.

“ಅಲ್ಲಮ್ಮ, ಅಷ್ಟು ದೊಡ್ಡ ಅಕ್ಷರದಲ್ಲಿ ಬೋರ್ಡ್ ಬರೆದು ನಿಲ್ಲಿಸಿದ್ದೆನಲ್ಲ, ನೀನು ಓದಲಿಲ್ವಾ?”

ಕಾಟಮ್ಮ ಸೆರಗಿಗೆ ಕೈ ಒರೆಸಿಕೊಂಡಳು.

“ಓದಿದೆ ಮೇಷ್ಟ್ರೇ. ನಾಯಿ ಐತೆ ಅನ್ನೋದನ್ನೂ ಎಂಟು ವರ್ಸದಿಂದ ಓದ್ತಾ ಇದೀನಿ.”